ಯೂರೋಸ್ಟಾಟ್ ಡೇಟಾಬೇಸ್: ಫ್ರೀ ಸಿಗುತ್ತೆ, ಆದ್ರೆ ಕೋಡ್ ನೋಡ್ಕೊಂಡು ಬಳಸಿ

ಯೂರೋಸ್ಟಾಟ್ ಅಂದ್ರೆ ಯೂರೋಪಿಯನ್ ಒಕ್ಕೂಟದ ಅಂಕಿಅಂಶ ಕಚೇರಿ. ಯೂರೋಪಿನ ಅಕ್ಕಪಕ್ಕದ ಪ್ರಾಂತ್ಯಗಳನ್ನ ಹೋಲಿಸೋರಿಗೆ ಇದರ ಡೇಟಾಬೇಸ್ ನಿಜಕ್ಕೂ ಕೆಲಸಕ್ಕೆ ಬರೋ ಸೈಟು, ಲಾಗಿನ್ ಕಾಟಾನೂ ಇಲ್ಲ. ರೈನ್ ನದಿ ಈ ಕಡೆ ಫ್ರಾನ್ಸಿನ ಅಲ್ಸಾಸ್, ಆ ಕಡೆ ಜರ್ಮನಿಯ ಫ್ರೈಬುರ್ಗ್, ಎರಡರ ನಿರುದ್ಯೋಗಾನೂ ಒಂದೇ ಟೇಬಲ್‌ನಲ್ಲಿ ಸಿಗುತ್ತೆ, ಅದೂ ಒಂದೇ ಅಳತೆಯಲ್ಲಿ, ಅಂದ್ರೆ ಕೆಲಸ ಇಲ್ಲ, ಕಳೆದ ನಾಲ್ಕು ವಾರದಲ್ಲಿ ಹುಡುಕಿದಾರೆ, ಎರಡು ವಾರದೊಳಗೆ ಸೇರೋಕೆ ರೆಡಿ, ಇಂಥವ್ರನ್ನೇ ಎಣಿಸ್ತಾರೆ. ಆಯಾ ದೇಶದ ಉದ್ಯೋಗ ಕಚೇರಿಗಳ ಲೆಕ್ಕ ಬೇರೆಬೇರೆ ರೂಲ್ಸ್‌ದು, ಅದನ್ನ ಪಕ್ಕಪಕ್ಕ ಇಟ್ಟು ವಾದ ಮಾಡೋದು ಸುಮ್ನೆ ಟೈಮ್ ವೇಸ್ಟ್.

ತಲೆನೋವು ಅಂದ್ರೆ ಒಂದೊಂದು ಪ್ರಾಂತ್ಯಕ್ಕೂ ಕೊಟ್ಟಿರೋ ಕೋಡ್‌ಗಳು ಮಾರಾಯ್ರೆ. ಅಲ್ಸಾಸ್ ಮೊದ್ಲು ಎಫ್‌ಆರ್42, 2018ರಿಂದ ಎಫ್‌ಆರ್‌ಎಫ್1, ಹಳೇ ಫೈಲು ಹೊಸ ಫೈಲು ಜೋಡಿಸೋಕೆ ಹೋದ್ರೆ ಎಕ್ಸೆಲ್ ತುಂಬಾ ಖಾಲಿ ಸಾಲು. ಅಂಕಿ ಪಕ್ಕ ಪುಟ್ಟದಾಗಿ 'ಬಿ' ಕಂಡ್ರೆ ಲೆಕ್ಕ ಹಾಕೋ ರೀತಿ ಅಲ್ಲಿ ಬದಲಾಗಿದೆ ಅಂತ, ಹಿಂದಿನ ವರ್ಷದ ಜೊತೆ ನೇರವಾಗಿ ಹೋಲಿಸ್ಬೇಡಿ. ತಲಾ ಜಿಡಿಪಿ ನೋಡೋವಾಗ್ಲೂ ಹುಷಾರು, ಲಕ್ಸೆಂಬರ್ಗ್‌ಗೆ ದಿನಾ ಗಡಿ ದಾಟಿ ಬಂದು ದುಡಿಯೋರ ಉತ್ಪಾದನೆ ಅಲ್ಲೇ ಸೇರುತ್ತೆ, ತಲೆ ಎಣಿಸೋವಾಗ ಮಾತ್ರ ಅವ್ರು ಇರಲ್ಲ, ಅದಕ್ಕೇ ತಲಾ ಅಂಕಿ ಉಬ್ಬಿ ಕಾಣುತ್ತೆ! ಐದಕ್ಕೆ ನಾಲ್ಕು ಸ್ಟಾರ್, ಆ ಕೋಡ್‌ಗಳಿಗೋಸ್ಕರ ಒಂದು ಕಟ್.