ಸ್ಪೋರ್ಟ್ಸ್ ಕಾರಿಗೆ ಬ್ರೇಕ್ ಅಪ್‌ಗ್ರೇಡ್: ರಸ್ತೆ, ಟ್ರ್ಯಾಕ್ ಎರಡರಲ್ಲೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಕೆಂಪು ಬಣ್ಣದ ದೊಡ್ಡ ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಪ್ಯಾಡ್ ಒತ್ತಿ ಹಿಡಿಯುವ ಭಾಗ) ಹಾಕಿಸಿದ ಮಾತ್ರಕ್ಕೆ ಕಾರು ಬೇಗ ನಿಲ್ಲುವುದಿಲ್ಲ. ಕಾರನ್ನು ನಿಲ್ಲಿಸುವುದು ಟೈರು. ಈಗಿನ ಯಾವ ಸ್ಪೋರ್ಟ್ಸ್ ಕಾರೇ ಆಗಲಿ, ಶೋರೂಮಿನಿಂದ ಹೊರಗೆ ಬರುವಾಗಲೇ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಶುರುವಾಗುವಷ್ಟು ಜೋರಾಗಿ ಬ್ರೇಕ್ ಹಿಡಿಯುತ್ತದೆ. ಎಬಿಎಸ್ ಶುರುವಾಯಿತು ಅಂದರೆ ಟೈರಿನ ಹಿಡಿತ ಅಷ್ಟಕ್ಕೇ ಮುಗಿಯಿತು, ಆಮೇಲೆ ಕ್ಯಾಲಿಪರ್‌ನಲ್ಲಿ ಪ್ಯಾಡ್ ತಳ್ಳುವ ಪಿಸ್ಟನ್ ನಾಲ್ಕು ಇದ್ದರೇನು, ಆರು ಇದ್ದರೇನು. ಹಾಗಾದರೆ ಇಷ್ಟೊಂದು ದುಡ್ಡು ಯಾಕೆ ಸುರಿಯಬೇಕು? ಮೊದಲನೇ ಲ್ಯಾಪಿನಲ್ಲಿ ಹಿಡಿದ ಹಾಗೇ ಹತ್ತನೇ ಲ್ಯಾಪಿನಲ್ಲೂ ಹಿಡಿಯಲಿ ಅಂತ. ಇಲ್ಲಿ ನಾವು ಕೊಳ್ಳುವುದು ಬಿಸಿ ತಡೆಯುವ ತಾಕತ್ತನ್ನು, ಅಷ್ಟೇ.

ನನ್ನದು ಎರಡು ಬಾಗಿಲಿನ ಹಗುರ ಕಾರು. ತೂಕ ಸುಮಾರು 1300 ಕೆಜಿ, ಹಿಂದಿನ ಚಕ್ರಕ್ಕೆ ಪವರ್. ವಾರವೆಲ್ಲಾ ಕೆಲಸಕ್ಕೆ ಹೋಗಿಬರುವುದೂ ಅದರಲ್ಲೇ, ಆಗಾಗ ಟ್ರ್ಯಾಕಿಗೆ ಇಳಿಸುವುದೂ ಅದನ್ನೇ. ಇಷ್ಟು ತೂಕದ ಕಾರನ್ನು ಗಂಟೆಗೆ 180 ಕಿ.ಮೀ. ವೇಗದಿಂದ 80ಕ್ಕೆ ಇಳಿಸಿದರೆ ಆ ಮೂರ್ನಾಲ್ಕು ಸೆಕೆಂಡಿನಲ್ಲಿ ಹುಟ್ಟುವ ಶಾಖ ಹೆಚ್ಚುಕಡಿಮೆ 4 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಅದರ ಬಹುಪಾಲು ಮುಂದಿನ ಎರಡು ಡಿಸ್ಕುಗಳ ತಲೆಗೇ ಬೀಳುತ್ತದೆ. ರಸ್ತೆಯಲ್ಲಿ ಹೀಗೆ ಯಾವಾಗಲೋ ಒಂದು ಸಲ ಆಗಬಹುದು. ಟ್ರ್ಯಾಕಿನಲ್ಲಿ ಲ್ಯಾಪಿಗೆ ನಾಲ್ಕೈದು ಸಲ, ಮಧ್ಯೆ ತಣ್ಣಗಾಗಲು ಪುರುಸೊತ್ತೇ ಇಲ್ಲದೆ. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು, ಅದೂ ಲೆಕ್ಕದಲ್ಲಿರಲಿ.

ಮೊದಲ ದುಡ್ಡು ಹೋಗಬೇಕಾದದ್ದು ಬ್ರೇಕ್ ಆಯಿಲ್‌ಗೆ. ಇದನ್ನು ಯಾರೂ ಫೋಟೋ ತೆಗೆದು ತೋರಿಸುವುದಿಲ್ಲ, ಅದಕ್ಕೇ ಯಾರಿಗೂ ನೆನಪಾಗುವುದಿಲ್ಲ. ಬ್ರೇಕ್ ಕೈಕೊಡುವುದು ಎರಡು ರೀತಿ. ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ತುಳಿದರೂ ಕಾರು ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಪೆಡಲ್ಲೇ ಮೆತ್ತಗಾಗಿ ನೆಲದ ಕಡೆ ಇಳಿಯುತ್ತಿದೆ ಅಂದರೆ ಆಯಿಲ್ ಕುದ್ದು ಗುಳ್ಳೆ ಎದ್ದಿದೆ. ಎರಡನೆಯದು ಹೆಚ್ಚು ಅಪಾಯ, ಯಾಕೆಂದರೆ ಮೊದಲನೆಯದು ಸ್ವಲ್ಪವಾದರೂ ಮುನ್ಸೂಚನೆ ಕೊಡುತ್ತದೆ. ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ; ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬ ನಿಯಮವಿದೆ. ಅದೇ ಆಯಿಲ್ ಗಾಳಿಯ ತೇವ ಹೀರಿ ಶೇ. 3.7 ನೀರು ಸೇರಿಸಿಕೊಂಡಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಇವೇ ಅಂಕಿಗಳು 260 ಮತ್ತು 180. ನಾನು ಹಾಕುತ್ತಿರುವುದು ಮೋಟುಲ್ ಆರ್‌ಬಿಎಫ್ 600, ಹೊಸದಾಗಿದ್ದಾಗ 312 ಡಿಗ್ರಿ ತನಕ ತಡೆಯುತ್ತದೆ. ಇಷ್ಟು ದಿನದಲ್ಲಿ ಒಮ್ಮೆಯೂ ಪೆಡಲ್ ಮೆತ್ತಗಾಗಿಲ್ಲ, ಆದರೆ ಟ್ರ್ಯಾಕಿಗೆ ಹೋಗುವ ಮುಂಚೆ ಪ್ರತಿ ಸಲ ಬ್ಲೀಡ್ ಮಾಡಿಯೇ (ಹಳೇ ಆಯಿಲ್, ಗುಳ್ಳೆ ಹೊರಗೆ ಬಿಟ್ಟು ಹೊಸದು ತುಂಬಿಯೇ) ಹೋಗುತ್ತೇನೆ. ಆ ರಗಳೆ ಬೇಡ ಅನ್ನುವವರಿಗೆ ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ಇದೆ. ನೀರು ಸೇರಿದ ಮೇಲೂ 270 ಡಿಗ್ರಿ ತಡೆಯುತ್ತದೆ, ಬೆಲೆ ಮಾತ್ರ ಕೈ ಸುಡುತ್ತದೆ. ಡಾಟ್ 5 ಎಂದು ಬರೆದ ಡಬ್ಬಿಯನ್ನು ಮಾತ್ರ ಮುಟ್ಟಬೇಡಿ. ಅದು ಸಿಲಿಕೋನ್, 5.1ರ ತಮ್ಮನೇನಲ್ಲ, ಇವುಗಳ ಜೊತೆ ಬೆರೆಯುವುದೂ ಇಲ್ಲ.

ಸ್ಟೀಲ್ ಹೆಣಿಗೆಯ ಹೋಸ್‌ಗಳ ಬಗ್ಗೆ ಹೇಳಲು ಜಾಸ್ತಿ ಇಲ್ಲ. ರಬ್ಬರ್ ಹೋಸ್ ಒತ್ತಡಕ್ಕೆ ಸ್ವಲ್ಪ ಉಬ್ಬುತ್ತದೆ, ಇದು ಉಬ್ಬುವುದಿಲ್ಲ, ಪೆಡಲ್ ಕೊಂಚ ಚುರುಕಾಗುತ್ತದೆ. ಹಳೆಯ ಕಾರಾದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಹೊಸ ಕಾರಿನಲ್ಲಿ ಅಷ್ಟಕ್ಕಷ್ಟೇ.

ಈಗ ಪ್ಯಾಡಿಗೆ ಬರೋಣ, ನಿಜವಾದ ತಲೆನೋವು ಇರುವುದೇ ಇಲ್ಲಿ. ರಸ್ತೆಗೂ ಟ್ರ್ಯಾಕಿಗೂ ಸಲ್ಲುವ ಒಂದೇ ಪ್ಯಾಡ್ ಅಂತ ಮಾರುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬಳಸಿದ ಅಂಥದ್ದೊಂದು ಪ್ಯಾಡ್ ಎರಡೂ ಕಡೆ ಪರವಾಗಿಲ್ಲ ಅನ್ನುವಂತಿತ್ತು, ಎಲ್ಲೂ ಚೆನ್ನಾಗಿರಲಿಲ್ಲ. ಕಾರಣ ಸರಳ. ಸ್ಟ್ರೀಟ್ ಪ್ಯಾಡ್ ಬೆಳಗ್ಗೆ ತಣ್ಣಗಿರುವಾಗಲೇ ಹಿಡಿಯಬೇಕು, ಸದ್ದು ಮಾಡಬಾರದು, ಡಿಸ್ಕ್ ತಿನ್ನಬಾರದು. ಹಾಗೆ ಮಾಡಿದ ಪ್ಯಾಡುಗಳಲ್ಲಿ ಹೆಚ್ಚಿನವು 400 ಡಿಗ್ರಿಯ ಹತ್ತಿರ ಬರುತ್ತಿದ್ದ ಹಾಗೆ ಸೋಲುತ್ತವೆ. ಟ್ರ್ಯಾಕ್ ಪ್ಯಾಡ್ ಆ ಬಿಸಿಯಲ್ಲೇ ಕೆಲಸ ಶುರು ಮಾಡುತ್ತದೆ, ಆದರೆ ತಣ್ಣಗಿರುವಾಗ ಮೊದಲ ಸಿಗ್ನಲ್ಲಿನಲ್ಲಿ ಕಾರು ನಿಲ್ಲುತ್ತದೋ ಇಲ್ಲವೋ ಎಂದು ಒಂದು ಕ್ಷಣ ಎದೆ ಝಲ್ಲೆನ್ನಿಸುತ್ತದೆ. ಜೊತೆಗೆ ಆ ಕೀಚಲು ಸದ್ದು. ಪಾರ್ಕಿಂಗ್‌ಗೆ ನಿಧಾನವಾಗಿ ನುಗ್ಗಿಸುವಾಗ ಹಳೇ ಲಾರಿ ಬಂತೇನೋ ಅಂತ ಎಲ್ಲರೂ ತಿರುಗಿ ನೋಡುತ್ತಾರೆ. ಕಬ್ಬಿಣದ ಅಂಶ ಜಾಸ್ತಿ ಇರುವ ಧೂಳು ಚಕ್ರಕ್ಕೆ ಅಂಟಿ, ಒಂದು ಮಳೆ ಬಿದ್ದರೆ ಸಾಕು, ತುಕ್ಕು ಹಿಡಿದು ಕೂರುತ್ತದೆ.

ಹಾಗಾಗಿ ನನ್ನ ಬಳಿ ಈಗ ಎರಡು ಜೊತೆ ಪ್ಯಾಡ್ ಇವೆ, ಟ್ರ್ಯಾಕಿಗೆ ಹೋಗುವ ಹಿಂದಿನ ಸಂಜೆ ಬದಲಾಯಿಸುತ್ತೇನೆ. ಎರಡನ್ನೂ ಒಂದೇ ಕಂಪನಿಯದು, ಒಂದೇ ಬಗೆಯ ಮಿಶ್ರಣದ್ದು ತೆಗೆದುಕೊಂಡಿದ್ದೇನೆ. ಪ್ಯಾಡ್ ಸರಿಯಾಗಿ ಹಿಡಿಯಬೇಕಾದರೆ ಅದರದ್ದೇ ಒಂದು ತೆಳ್ಳನೆಯ ಪದರ ಡಿಸ್ಕಿನ ಮೇಲೆ ಸಮನಾಗಿ ಕೂತಿರಬೇಕು. ಬೇರೆ ಜಾತಿಯ ಪ್ಯಾಡಿನ ಪದರದ ಮೇಲೆ ಇನ್ನೊಂದನ್ನು ಉಜ್ಜಿದರೆ ಎರಡೂ ಕೆಡುತ್ತವೆ. ಈ ಪದರ ಕೂರಿಸುವ ಕೆಲಸವನ್ನೇ ಬೆಡ್ಡಿಂಗ್ ಅನ್ನುವುದು. ಖಾಲಿ ರಸ್ತೆಯಲ್ಲಿ, ಅದಕ್ಕಿಂತ ಟ್ರ್ಯಾಕಿನಲ್ಲೇ, ವೇಗ ಏರಿಸಿ ಗಟ್ಟಿಯಾಗಿ ಬ್ರೇಕ್ ಹಿಡಿದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಏರಿಸಿ, ಹೀಗೆ ಒಂದರ ಹಿಂದೊಂದು ಮಾಡುತ್ತಾ ಹೋಗಬೇಕು. ಸುಟ್ಟ ಅಂಟಿನ ವಾಸನೆ ಮೂಗಿಗೆ ಬಡಿಯುತ್ತದೆ, ಮುಂದಿನ ಚಕ್ರದಿಂದ ಸಣ್ಣಗೆ ಹೊಗೆ ಏಳಬಹುದು, ಗಾಬರಿಯಾಗಬೇಡಿ. ಆಮೇಲೆ ಬ್ರೇಕ್ ಮುಟ್ಟದೆ ಒಂದಷ್ಟು ದೂರ ಓಡಿಸಿ ತಣ್ಣಗಾಗಲು ಬಿಡಬೇಕು. ತಣ್ಣಗಾದ ಮೇಲೆ ಡಿಸ್ಕ್ ನೋಡಿ. ಮೊದಲಿದ್ದ ಬೆಳ್ಳಿ ಹೊಳಪು ಹೋಗಿ ನೀಲಿ ಬೆರೆತ ಬೂದು ಬಣ್ಣ ಸುತ್ತಲೂ ಒಂದೇ ಸಮನಾಗಿ ಇದ್ದರೆ ಕೆಲಸ ಆಯಿತು ಅಂತ ಲೆಕ್ಕ.

ಬಿಸಿ ಡಿಸ್ಕಿನ ಮೇಲೆ ಪೆಡಲ್ ಒತ್ತಿಕೊಂಡೇ ನಿಂತರೆ ಪ್ಯಾಡಿನ ಗುರುತು ಅಲ್ಲೇ ಅಚ್ಚು ಬೀಳುತ್ತದೆ. ಆಮೇಲೆ ಬ್ರೇಕ್ ಹಿಡಿದಾಗೆಲ್ಲಾ ಸ್ಟೀರಿಂಗ್ ನಡುಗುತ್ತದೆ, ಗ್ಯಾರೇಜಿನವರು ‘ಡಿಸ್ಕ್ ಬೆಂಡ್ ಆಗಿದೆ ಸಾರ್, ಹೊಸದು ಹಾಕಿ’ ಅನ್ನುತ್ತಾರೆ. ಹೆಚ್ಚಿನ ಸಲ ಬೆಂಡ್ ಆಗಿರುವುದೇ ಇಲ್ಲ, ಪದರ ಏರುಪೇರಾಗಿರುತ್ತದೆ ಅಷ್ಟೇ. ಬೇಗ ಗಮನಿಸಿದರೆ ಮತ್ತೊಮ್ಮೆ ಬೆಡ್ಡಿಂಗ್ ಮಾಡಿದರೇ ಸರಿಹೋಗುತ್ತದೆ. ಅದಕ್ಕೆ ಡಿಸ್ಕ್ ಬದಲಾಯಿಸುವುದೆಂದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಇನ್ನೊಂದು ವಿಷಯ, ಇದರ ಬಗ್ಗೆ ಮಾರುವವರು ಬಾಯಿ ಬಿಡುವುದಿಲ್ಲ. ತೀರಾ ಗಟ್ಟಿಯಾಗಿ ಕಚ್ಚುವ ರೇಸ್ ಪ್ಯಾಡ್ ಹಾಕಿ, ಟೈರು ಮಾತ್ರ ಸಾಮಾನ್ಯದ್ದೇ ಉಳಿಸಿಕೊಂಡು, ಉಬ್ಬುತಗ್ಗಿನ ಜಾಗದಲ್ಲಿ ಪೆಡಲ್ ಮೇಲೆ ಒಮ್ಮೆಲೇ ಕಾಲು ಹಾಕಿದರೆ ಕೆಲವು ಕಾರುಗಳ ಎಬಿಎಸ್ ಗಲಿಬಿಲಿಗೊಳ್ಳುತ್ತದೆ. ಚಕ್ರ ಅಷ್ಟು ಬೇಗ ನಿಧಾನವಾದದ್ದನ್ನು ನೋಡಿ, ಮಂಜುಗಡ್ಡೆಯ ಮೇಲೆ ಇದ್ದೇವೆ ಅಂದುಕೊಂಡು ಒತ್ತಡ ಇಳಿಸಿಬಿಡುತ್ತದೆ. ಪೆಡಲ್ ಕಲ್ಲಿನಂತೆ ಗಟ್ಟಿ, ಕಾರು ಮಾತ್ರ ಸುಮ್ನೆ ಮುಂದಕ್ಕೆ ಹೋಗುತ್ತಿರುತ್ತದೆ. ನನ್ನ ಕಾರಿನಲ್ಲೂ ಆಗಿದೆ. ಒಂದು ಕ್ಷಣ ಕಾಲು ಸಡಿಲಿಸಿ ಮತ್ತೆ ಒತ್ತಿದರೆ ಸರಿಯಾಗುತ್ತದೆ, ಆದರೆ ತಿರುವು ಎದುರಿಗೇ ಬರುತ್ತಿರುವಾಗ ಬ್ರೇಕಿನಿಂದ ಕಾಲು ತೆಗೆಯಲು ಮನಸ್ಸು ಒಪ್ಪಬೇಕಲ್ವಾ? ಅದಾದ ಮೇಲೆ ಅದೇ ಕಂಪನಿಯ ಒಂದು ಮೆಟ್ಟಿಲು ಮೆತ್ತನೆಯ ಪ್ಯಾಡಿಗೆ ಇಳಿದೆ. ಅದರಿಂದ ಲ್ಯಾಪ್ ಟೈಮ್ ಏನೂ ಹೆಚ್ಚಾಗಲಿಲ್ಲ.

ಗಾಳಿಯ ಪೈಪ್ ಹಾಕಿಸಿದ್ದು ಕೊಟ್ಟ ದುಡ್ಡಿಗೆ ಹೆಚ್ಚು ಲಾಭ ತಂದ ಕೆಲಸ. ಮುಂದಿನ ಬಂಪರ್‌ನಿಂದ ಗಾಳಿ ತೆಗೆದುಕೊಂಡು ಡಿಸ್ಕಿನ ನಡುಭಾಗಕ್ಕೆ ಬಿಡಬೇಕು. ಮುಖದ ಮೇಲೆ ಊದಿದರೆ ಪ್ರಯೋಜನ ಕಡಿಮೆ. ಡಿಸ್ಕ್ ತಿರುಗುವಾಗ ಒಳಗಿನ ಸಂದುಗಳಿಂದ ತಾನೇ ಗಾಳಿಯನ್ನು ಹೊರಕ್ಕೆ ತಳ್ಳುತ್ತದೆ, ನಾವು ಅದಕ್ಕೆ ಒಳಗಿನಿಂದ ತಣ್ಣನೆ ಗಾಳಿ ಒದಗಿಸಿದರೆ ಸಾಕು. ಫಲ ನೋಡಲು ಡಿಸ್ಕಿನ ಅಂಚಿಗೆ ಬಿಸಿಗೆ ಬಣ್ಣ ಬದಲಿಸುವ ಪೇಂಟ್ ಹಚ್ಚಿದೆ. ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬದಲಾಗುತ್ತದೆ. ಪೈಪ್ ಇಲ್ಲದಾಗ ಮೂರೂ ಬದಲಾಗಿದ್ದವು. ಪೈಪ್ ಹಾಕಿದ ಮೇಲೆ ಅದೇ ಟ್ರ್ಯಾಕಿನಲ್ಲಿ ಕೆಂಪು ಕೆಂಪಾಗಿಯೇ ಉಳಿಯಿತು. ಯಾವ ಪ್ಯಾಡ್ ಬೇಕು ಅಂತ ಊಹೆ ಮಾಡುವುದಕ್ಕಿಂತ ಈ ಮೂರು ಚುಕ್ಕೆ ಪೇಂಟ್ ಎಷ್ಟೋ ವಾಸಿ.

ಡಿಸ್ಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್. ತೂತು ಕೊರೆದ ಡಿಸ್ಕ್ ನೋಡಲು ಚಂದ, ರಸ್ತೆಗೆ ಸಾಕು, ಟ್ರ್ಯಾಕಿಗೆ ಬೇಡ. ಬಿರುಕು ಶುರುವಾಗುವುದೇ ತೂತಿನ ಅಂಚಿನಿಂದ. ಗೀರು ಹಾಕಿದ್ದು ಅಥವಾ ಬರೀ ನುಣುಪಾದದ್ದು ತೆಗೆದುಕೊಳ್ಳಿ. ನಾನು ಹಾಕಿಸಿದ್ದು ಎರಡು ತುಂಡಿನದು: ನಡುವೆ ಅಲ್ಯೂಮಿನಿಯಂ ಟೋಪಿ, ಸುತ್ತ ಕಬ್ಬಿಣದ ಬಳೆ. ತೂಕ ಕಡಿಮೆ, ಕಾದಾಗ ಕಬ್ಬಿಣ ಹಿಗ್ಗಲು ಜಾಗ ಇದೆ, ಸವೆದರೆ ಬಳೆಯನ್ನಷ್ಟೇ ಬದಲಾಯಿಸಬಹುದು. ರಸ್ತೆಯಲ್ಲಿ ತಣ್ಣಗಿರುವಾಗ ಸ್ವಲ್ಪ ಗಡಗಡ ಅನ್ನುತ್ತದೆ, ಅಭ್ಯಾಸವಾಗುತ್ತದೆ. ಮೇಲ್ಮೈಯಲ್ಲಿ ಕೂದಲೆಳೆಯ ಸಣ್ಣ ಬಿರುಕುಗಳು ಸಹಜ. ಉಗುರು ಸಿಕ್ಕಿಕೊಂಡರೆ ಅಥವಾ ಬಿರುಕು ಅಂಚನ್ನು ಮುಟ್ಟಿದ್ದರೆ ಆ ಡಿಸ್ಕ್ ಕತೆ ಮುಗಿಯಿತು. ಕಾರ್ಬನ್ ಸೆರಾಮಿಕ್ ಕೇಳುವವರಿಗೆ ಒಂದು ಮಾತು. ತೂಕ ಕಬ್ಬಿಣದ ಅರ್ಧದಷ್ಟು, ತುಕ್ಕು ಹಿಡಿಯುವುದಿಲ್ಲ, ರಸ್ತೆಯಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಆದರೆ ಟ್ರ್ಯಾಕಿನ ಬಿಸಿಗೆ ಒಳಗಿನ ಕಾರ್ಬನ್ ನಿಧಾನವಾಗಿ ಸುಟ್ಟುಹೋಗುತ್ತದೆ. ಪೋರ್ಷೆ ಕೊಡುವ ಸೆರಾಮಿಕ್ ಡಿಸ್ಕ್ ಬಿಚ್ಚಿ ಒಳಗಿಟ್ಟು, ಟ್ರ್ಯಾಕಿಗೆ ಅಂತಲೇ ಕಬ್ಬಿಣದ್ದು ಹಾಕಿಸುವ ಮಾಲೀಕರು ಬೇಕಾದಷ್ಟಿದ್ದಾರೆ.

ಕೊನೆಗೆ ನಾಲ್ಕು ಪಿಸ್ಟನ್‌ನ ಕ್ಯಾಲಿಪರ್ ಕಿಟ್. ನಿಲ್ಲುವ ದೂರ ಬದಲಾಗಲಿಲ್ಲ, ಬದಲಾಗುತ್ತದೆ ಅಂತ ಕೊಂಡದ್ದೂ ಅಲ್ಲ. ಬದಲಾದದ್ದು ಬೇರೆ. ಒಂದೇ ಬದಿ ಪಿಸ್ಟನ್ ಇದ್ದ ಮುಂಚಿನ ಜಾರುವ ಕ್ಯಾಲಿಪರ್‌ನಲ್ಲಿ ಪ್ಯಾಡ್ ಒಂದು ಕಡೆ ಓರೆಯಾಗಿ ಸವೆಯುತ್ತಿತ್ತು, ಈಗ ಎರಡು ಬದಿಯೂ ಸಮ. ಪ್ಯಾಡ್ ದಪ್ಪ, ಹಾಗಾಗಿ ಬಾಳಿಕೆ ಹೆಚ್ಚು. ಬದಲಾಯಿಸುವುದಂತೂ ಪಿನ್ ಎಳೆದು, ಮೇಲಿನಿಂದ ಪ್ಯಾಡ್ ಎತ್ತಿ, ಹೊಸದನ್ನು ಇಳಿಸುವಷ್ಟೇ. ಎರಡು ಜೊತೆ ಪ್ಯಾಡ್ ಇಟ್ಟುಕೊಂಡವನಿಗೆ ಇದೊಂದೇ ಸಾಕು. ಕೊಳ್ಳುವ ಮುಂಚೆ ಕೇಳಬೇಕಾದದ್ದು ಪಿಸ್ಟನ್ ಎಷ್ಟು ಅಂತಲ್ಲ, ಅವುಗಳ ಒಟ್ಟು ಅಳತೆ ನಿಮ್ಮ ಕಾರಿನ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ತುಳಿದಾಗ ಆಯಿಲನ್ನು ಕ್ಯಾಲಿಪರ್ ಕಡೆ ತಳ್ಳುವ ಭಾಗಕ್ಕೆ) ಹೊಂದುತ್ತದೆಯೇ ಅಂತ. ತೀರಾ ದೊಡ್ಡದಾದರೆ ಪೆಡಲ್ ಹೆಚ್ಚು ಆಳಕ್ಕೆ ಇಳಿಯುತ್ತದೆ, ಮುಂದಿನ ಬ್ರೇಕಿನ ಪಾಲು ಹೆಚ್ಚಾಗಿ ಹಿಂದಿನದು ಸುಮ್ಮನೆ ಕೂರುತ್ತದೆ, ಆಗ ನಿಲ್ಲುವ ದೂರ ಜಾಸ್ತಿಯಾಗಲೂಬಹುದು. ಚಕ್ರದ ಒಳಗೆ ಜಾಗ ಇದೆಯೇ ಎಂದು ಕಾಗದದ ಅಚ್ಚು ಇಟ್ಟು ನೋಡಿ. ಬರೀ ರಸ್ತೆಯಲ್ಲೇ ಓಡಿಸುವವರಿಗೆ ನಾನು ಈ ಕಿಟ್ ಹೇಳುವುದಿಲ್ಲ. ಒಳ್ಳೆಯ ಪ್ಯಾಡ್, ಹೊಸ ಆಯಿಲ್ ಸಾಕು, ಉಳಿದ ದುಡ್ಡಿಗೆ ಟೈರ್ ಹಾಕಿಸಿ.

ಕಿಟ್‌ನ ಬಗ್ಗೆ ಒಂದೇ ತಕರಾರು. ಮುಂದಿನ ಎಡಗಡೆ ಕ್ಯಾಲಿಪರ್‌ನ ಧೂಳು ತಡೆಯುವ ರಬ್ಬರ್ ಸುಟ್ಟು ಗರಿಗರಿಯಾಗಿ ಸೀಳಿದೆ. ರೇಸಿಗೆಂದೇ ಮಾಡಿದ ಕ್ಯಾಲಿಪರ್‌ಗಳಲ್ಲಿ ಈ ರಬ್ಬರೇ ಇರುವುದಿಲ್ಲ, ಪದೇ ಪದೇ ಬಿಚ್ಚಿ ತೊಳೆಯುವವರಿಗೆ ಅದು ಸರಿ. ದಿನಾ ರಸ್ತೆಗೆ ಇಳಿಯುವ ಕಾರಿನಲ್ಲಿ ಹಾಗೇ ಬಿಟ್ಟರೆ ನೀರು, ಧೂಳು ಒಳಗೆ ಹೋಗಿ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಸೀಲ್ ಸೆಟ್ ತರಿಸಿದ್ದೇನೆ. ಬದಲಾಯಿಸುವಾಗ ಪಿಸ್ಟನ್‌ಗೂ ಪ್ಯಾಡಿಗೂ ನಡುವೆ ತೆಳು ಟೈಟೇನಿಯಂ ತಗಡನ್ನೂ ಇಡುವ ಯೋಚನೆ ಇದೆ, ಬಿಸಿ ಆ ಕಡೆ ದಾಟುವುದು ಕಡಿಮೆಯಾಗುತ್ತದೆ.