ನಾಲ್ಕು ಐಯುಐ, ಒಂದು ಐವಿಎಫ್: ನಾವು ಕಂಡ ವ್ಯತ್ಯಾಸ

ಮಕ್ಕಳಾಗಲಿಲ್ಲವೆಂದು ಮಾಡಿಸಿದ ನನ್ನ ಪರೀಕ್ಷೆಗಳೆಲ್ಲ ಮುಗಿದು ಎಂಟು ತಿಂಗಳಾದ ಮೇಲೆ ಇವರು ವೀರ್ಯ ಪರೀಕ್ಷೆಗೆ ಒಪ್ಪಿದರು. ನನಗೆ ರಕ್ತ, ಸ್ಕ್ಯಾನ್, ಗರ್ಭನಾಳಕ್ಕೆ ದ್ರವ ಹಾಯಿಸಿ ಎಕ್ಸ್‌ರೇ. ಇವರದು ಒಂದು ಪುಟ್ಟ ಡಬ್ಬಿಯ ಕೆಲಸ. ತೊಂದರೆ ಸಿಕ್ಕಿದ್ದು ಆ ಡಬ್ಬಿಯಲ್ಲೇ. ವೀರ್ಯಾಣುಗಳ ಚಲನೆ ಕಡಿಮೆಯಿತ್ತು. ಅಲ್ಲಿಯವರೆಗೆ ಅತ್ತೆ ಹೊತ್ತ ಹರಕೆಗಳೆಲ್ಲ ನನ್ನ ಹೆಸರಿನಲ್ಲಿದ್ದವು.

ಮೊದಲು ಐಯುಐ. ಮುಟ್ಟಿನ ಎರಡನೇ ದಿನದಿಂದ ಐದು ದಿನ ಅಂಡಾಣು ಬೆಳೆಯಲು ಲೆಟ್ರೊಜೋಲ್ ಮಾತ್ರೆ, ಆಮೇಲೆ ಸ್ಕ್ಯಾನ್. ಫಾಲಿಕಲ್, ಅಂದರೆ ಅಂಡಾಣು ಬೆಳೆಯುವ ಚೀಲ, 18 ಮಿ.ಮೀ. ದಾಟಿದರೆ ಅಂಡಾಣು ಬಿಡುಗಡೆಯಾಗಲು ಒಂದು ಇಂಜೆಕ್ಷನ್. ಸುಮಾರು 36 ಗಂಟೆ ಬಿಟ್ಟು, ತೊಳೆದು ಆಯ್ದ ವೀರ್ಯವನ್ನು ತೆಳು ನಳಿಕೆಯಲ್ಲಿ ಗರ್ಭಕೋಶಕ್ಕೆ ಬಿಡುತ್ತಾರೆ. ಐದು ನಿಮಿಷದ ಕೆಲಸ. ತುಮಕೂರಿನಲ್ಲೇ ಮಾಡಿಸಿಕೊಂಡು ಮಧ್ಯಾಹ್ನ ಶಾಲೆಗೆ ಹೋಗಿ ಪಾಠ ಮಾಡಿದ್ದೇನೆ. ಸಲಕ್ಕೆ ಎಲ್ಲ ಸೇರಿ 11 ಸಾವಿರ ರೂಪಾಯಿ.

ಅಗ್ಗ ನಿಜ. ಆದರೆ ಸೋತರೆ ಎಲ್ಲಿ ಸೋತಿತೆಂದು ಅದು ಹೇಳುವುದಿಲ್ಲ. ವೀರ್ಯಾಣು ಅಂಡಾಣುವನ್ನು ಮುಟ್ಟಲೇ ಇಲ್ಲವೇ, ಫಲಿಸಿಯೂ ನಿಲ್ಲಲಿಲ್ಲವೇ? ಎರಡು ವಾರ ಕಾದು ಕೈಗೆ ಬರುವ ಉತ್ತರ ಮುಟ್ಟು, ಅಷ್ಟೇ. ಮೂರಕ್ಕೆ ನಿಲ್ಲಿಸಬೇಕಿತ್ತು. ನಾಲ್ಕನೆಯದನ್ನು ಮಾಡಿಸಿಕೊಂಡದ್ದು ನಂಬಿಕೆಯಿಂದಲ್ಲ, ಐವಿಎಫ್ ದರಪಟ್ಟಿಯ ಭಯದಿಂದ.

ಐವಿಎಫ್ ಎಂದರೆ ಅಂಡಾಣುಗಳನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಫಲಿಸುವುದು. ಅದಕ್ಕೆ ಬೆಂಗಳೂರು. ಅಂಡಾಣು ಬೆಳೆಯಲು ಹತ್ತು ದಿನ ಹೊಟ್ಟೆಗೆ ಇಂಜೆಕ್ಷನ್, ನಡುವೆ ನಾಲ್ಕು ಬಾರಿ ಬೆಳಗಿನ ರೈಲು. ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಾತ್ರೆಯ ಪಕ್ಕ ಇಂಜೆಕ್ಷನ್ ಪೆನ್ನು. ಕರೆಂಟು ಹೋದಾಗಲೆಲ್ಲ ಇವರಿಗೆ ಹಿಟ್ಟಿನ ಚಿಂತೆಯಿಲ್ಲ, ಪೆನ್ನಿನದೇ. ಚುಚ್ಚುತ್ತಿದ್ದವರೂ ಇವರೇ. ಮೊದಲ ದಿನ ಕೈ ನಡುಗಿ ಸೂಜಿ ಬಾಗಿತು. ಕೊನೆಯ ಇಂಜೆಕ್ಷನ್ ರಾತ್ರಿ ಸರಿಯಾಗಿ ಒಂಬತ್ತೂವರೆಗೆ ಎಂದಿದ್ದರು. ಇವರು ಒಂಬತ್ತಕ್ಕೇ ಸೂಜಿ ಹಿಡಿದು ಗಡಿಯಾರದ ಮುಂದೆ ಕುಳಿತಿದ್ದರು. ಅರಿವಳಿಕೆ ಕೊಟ್ಟು ಅಂಡಾಣು ತೆಗೆದ ಮೇಲೆ ಮೂರು ದಿನ ಹೊಟ್ಟೆ ಉಬ್ಬರಿಸಿ ಸೀರೆಯ ನೆರಿಗೆ ನಿಲ್ಲಲಿಲ್ಲ. ಖರ್ಚು 1.9 ಲಕ್ಷ, ರೈಲು ಟಿಕೆಟ್ಟು ಬೇರೆ.

ಆದರೆ ಇಲ್ಲಿ ಲೆಕ್ಕ ಕಣ್ಣೆದುರಿಗೇ ಇತ್ತು. 11 ಅಂಡಾಣು, ಪಕ್ವವಾದವು 9. ಒಂದೊಂದಕ್ಕೂ ಒಂದೊಂದು ವೀರ್ಯಾಣುವನ್ನು ಸೂಜಿಯಿಂದ ಸೇರಿಸಿದರು, ಇದಕ್ಕೆ ಇಕ್ಸಿ ಎನ್ನುತ್ತಾರೆ. ಫಲಿಸಿದವು 6. ಐದನೇ ದಿನಕ್ಕೆ ಉಳಿದ ಭ್ರೂಣಗಳು 2. ಪ್ರಯೋಗಾಲಯದಿಂದ ಫೋನು ಬಂದಾಗಲೆಲ್ಲ ಅಂಕಿ ಇಳಿಯುತ್ತಿತ್ತು. ಆದರೂ ಐಯುಐಯ ಮೌನಕ್ಕಿಂತ ಇದೇ ವಾಸಿ ಎನ್ನಿಸಿತು.

ವಯಸ್ಸು ಚಿಕ್ಕದಿದ್ದು, ನಾಳಗಳು ತೆರೆದಿದ್ದು, ದೋಷ ಅಲ್ಪವಿದ್ದರೆ ಐಯುಐ ಮಾಡಿಸಿ ನೋಡಬಹುದು. ಎರಡೂ ನಾಳ ಮುಚ್ಚಿದ್ದರೆ ಅದಕ್ಕೆ ಹಣ ಸುರಿಯಬೇಡಿ. 35 ದಾಟಿದವರು ಒಂದು ವರ್ಷ ಕಾಯದೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು, ಗಂಡನನ್ನೂ ಕರೆದುಕೊಂಡು.

ಮೊದಲ ಭ್ರೂಣ ನಿಲ್ಲಲಿಲ್ಲ. ಎರಡನೆಯದನ್ನು ಘನೀಕರಿಸಿ ಇಟ್ಟಿದ್ದಾರೆ. ಇಂಥ ಚಿಕಿತ್ಸೆಗಳಿಗೆಂದೇ ಬಂದ 2021ರ ಕಾಯ್ದೆಯ ಪ್ರಕಾರ ಹತ್ತು ವರ್ಷದವರೆಗೆ ಇಡಬಹುದಂತೆ. ನಾವು ಬೇಸಿಗೆ ರಜೆಗೆ ದಿನ ಗೊತ್ತು ಮಾಡಿದ್ದೇವೆ. ಅತ್ತೆಗೆ ಇನ್ನೂ ಹೇಳಿಲ್ಲ.