ಓಲೋತ್ ದಾರಿಯೋ, ಸಮುದ್ರದ ದಾರಿಯೋ: ಜಿರೋನಾದಲ್ಲಿ ಸೈಕಲ್ ಹೊಡೆದು ನೋಡಿದ್ದು

ಸ್ಟುಟ್‌ಗಾರ್ಟ್‌ನಲ್ಲಿರುವ ಗೆಳೆಯ ಕೇಳಿದ: "ಈಸ್ಟರ್ ರಜೆಗೆ ನಿಮ್ಮ ಕಡೆ ಬರ್ತಿದ್ದೀವಿ. ಮಗಳಿಗೆ ಹನ್ನೊಂದು ವರ್ಷ. ಕಾರು ಬರದ ದಾರೀಲಿ ಸೈಕಲ್ ಹೊಡೀಬೇಕು. ಓಲೋತ್ ಕಡೇದು ಒಳ್ಳೇದಾ, ಸಮುದ್ರದ ಕಡೇದಾ?" ಒಂದೇ ಮೆಸೇಜಲ್ಲಿ ಮುಗಿಸೋಣ ಅಂತ ಕೂತೆ. ಆಗಲಿಲ್ಲ. ಇಷ್ಟುದ್ದ ಆಯಿತು.

ನಾನಿರುವುದು ಸ್ಪೇನಿನ ಬಾರ್ಸಿಲೋನಾದಲ್ಲಿ. ಪ್ರಾದೇಶಿಕ ರೈಲಿಗೆ ಸೈಕಲ್ ಹತ್ತಿಸಿಕೊಂಡರೆ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಜಿರೋನಾ ಸಿಗುತ್ತದೆ. ಅಲ್ಲಿಂದ ಎರಡು ಕಚ್ಚಾ ಹಾದಿಗಳು ಹೊರಡುತ್ತವೆ. ಒಂದು ಬೆಟ್ಟದ ಕಡೆ, ಓಲೋತ್‌ಗೆ. ಸುಮಾರು 54 ಕಿ.ಮೀ. ಇನ್ನೊಂದು ಮೆಡಿಟರೇನಿಯನ್ ದಡದ ಸಂತ್ ಫೆಲಿಯು ದೆ ಗಿಷೊಲ್ಸ್‌ಗೆ. ಸುಮಾರು 39 ಕಿ.ಮೀ. ಎರಡಕ್ಕೂ ಹೆಸರು ಒಂದೇ, ಕರಿಲೆತ್. ಇಲ್ಲಿಯವರ ಕ್ಯಾಟಲನ್ ಭಾಷೆಯಲ್ಲಿ ಪುಟ್ಟ ರೈಲು ಅಂತ ಅರ್ಥ. ಹೌದು, ಇವು ಹಳೇ ರೈಲು ದಾರಿಗಳೇ. ಸಮುದ್ರದ ರೈಲು ಓಡಲು ಶುರುವಾಗಿದ್ದು 1892ರಲ್ಲಿ. ಓಲೋತ್ ಕಡೆಯ ಮೊದಲ ತುಂಡು 1895ರಲ್ಲಿ ತೆರೆಯಿತು, ಆದರೆ ಹಳಿ ಓಲೋತ್ ಮುಟ್ಟಿದ್ದು 1911ರಲ್ಲಿ. ಎರಡೂ ನಿಂತಿದ್ದು 1969ರಲ್ಲಿ. ಹಳಿ ಕಿತ್ತರು. ದಾರಿ ಉಳಿಯಿತು.

ಹಳಿಗಳ ನಡುವೆ ಇದ್ದ ಅಗಲ ಬರೀ 75 ಸೆಂಟಿಮೀಟರ್. ಇದನ್ನು ಓದಿದಾಗ ನನಗೆ ಚಿಂತಾಮಣಿಯ ಅಜ್ಜ ನೆನಪಾದರು. ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಓಡುತ್ತಿದ್ದ ಸಣ್ಣ ರೈಲು ಎರಡೂವರೆ ಅಡಿಯದು. ಅಂದರೆ 76 ಸೆಂಟಿಮೀಟರ್. ಒಂದು ಸೆಂಟಿಮೀಟರ್ ಹೆಚ್ಚು ಕಮ್ಮಿ, ಅಷ್ಟೇ! ಓಡುತ್ತಿರುವ ಆ ರೈಲಿನಿಂದ ಇಳಿದು, ಬೀಡಿ ಹಚ್ಚಿಕೊಂಡು, ಮತ್ತೆ ಹತ್ತುತ್ತಿದ್ದೆವು ಅಂತ ಅಜ್ಜ ಹೇಳುತ್ತಿದ್ದರು. ಇಲ್ಲಿಯವರದ್ದೂ ಅದೇ ತಮಾಷೆ. ಓಲೋತ್ ರೈಲು ಮನಸ್ಸು ಬಂದಾಗ ಹೊರಡುತ್ತೆ, ಕೈಲಾದಾಗ ತಲುಪುತ್ತೆ ಅನ್ನುವ ಮಾತು ಇಲ್ಲಿ ಈಗಲೂ ಇದೆ.

ಆ ಬಡಪಾಯಿ ಎಂಜಿನ್ನಿನಿಂದ ನಮಗಾದ ಲಾಭ ದೊಡ್ಡದು. ಅದಕ್ಕೆ ಹತ್ತಲಾಗದ ಏರು ಈ ದಾರಿಗಳಲ್ಲಿ ಇರೋಕೇ ಸಾಧ್ಯವಿಲ್ಲ. ಬೆಟ್ಟ ಬಂದರೆ ಹಳಿ ಸುತ್ತಿ ಬಳಸಿ ಹೋಗಿದೆ. ಹಾಗಾಗಿ ಕಾಲಿನ ಶಕ್ತಿ ನೋಡಿ ಇವೆರಡರಲ್ಲಿ ಒಂದನ್ನು ಆರಿಸುವ ಅಗತ್ಯವಿಲ್ಲ. ನೋಡಬೇಕಾದದ್ದು ಬೇರೆ: ನೆರಳು, ರಸ್ತೆ ದಾಟುವ ಕಾಟ, ವಾಪಸ್ ಬರುವ ಬಗೆ.

ಓಲೋತ್ ದಾರಿಯನ್ನು ಎರಡೂ ದಿಕ್ಕಿನಲ್ಲಿ ಹೊಡೆದಿದ್ದೇನೆ. ಎಲ್ಲರೂ ಹೇಳುವುದು ಓಲೋತ್‌ನಿಂದ ಕೆಳಕ್ಕೆ ಬನ್ನಿ, ಪೂರಾ ಇಳಿಜಾರು ಅಂತ. ಇದು ಮುಕ್ಕಾಲು ನಿಜ. ಓಲೋತ್ ಇರುವುದು 440 ಮೀಟರ್ ಎತ್ತರದಲ್ಲಿ, ಜಿರೋನಾ 70ರಲ್ಲಿ. ಆದರೆ ಓಲೋತ್ ಬಿಟ್ಟ ಮೇಲೆ ಮೊದಲು ಏರಬೇಕು. ಸಂತ್ ಎಸ್ತೆವೆ ದೆನ್ ಬಾಸ್ ದಾಟಿ ಕೋಲ್ ದೆನ್ ಬಾಸ್ ಅನ್ನುವ ಘಟ್ಟದ ನೆತ್ತಿ ಬರುತ್ತದೆ. ಎತ್ತರ ಸುಮಾರು 600 ಮೀಟರ್. ಕಷ್ಟದ ಏರಲ್ಲ. ಆದರೆ "ಪೂರಾ ಇಳಿಜಾರು" ಅಂತ ನಂಬಿಸಿ ಕರೆದುಕೊಂಡು ಹೋದ ಹೆಂಡತಿಗೆ ಅದು ಕಷ್ಟದ ಏರೇ ಆಗಿತ್ತು. "ರೀ, ಇಳಿಜಾರು ಯಾವಾಗ ಶುರು?" ಅಂತ ಅವಳು ಮೂರು ಸಲ ಕೇಳಿದಳು. ನಾಲ್ಕನೇ ಸಲ ಕೇಳಲಿಲ್ಲ. ಅದು ಇನ್ನೂ ಕೆಟ್ಟದ್ದು.

ಆ ನೆತ್ತಿ ದಾಟಿದ ಮೇಲೆ ಮಾತ್ರ ಮಜಾ. ಸಂತ್ ಫೆಲಿಯು ದೆ ಪಾಲೆರೋಲ್ಸ್‌ವರೆಗೆ ದಾರಿ ಕಾಡಿನೊಳಗೆ ತಿರುಗುತ್ತಾ ಇಳಿಯುತ್ತದೆ. ಪೆಡಲ್ ತುಳಿಯುವ ಕೆಲಸವೇ ಕಡಿಮೆ. ಅಲ್ಲಿಂದ ಲೆಸ್ ಪ್ಲಾನೆಸ್ ಕಡೆಗೆ ಬ್ರುಜೆಂತ್ ಹೊಳೆ ಜೊತೆಗೆ ಬರುತ್ತದೆ. ಹಳೇ ಸ್ಟೇಷನ್ ಕಟ್ಟಡಗಳು ಎದುರಾಗುತ್ತವೆ. ಹಳಿ ಇಲ್ಲ, ರೈಲಿಲ್ಲ, ಪ್ಲಾಟ್‌ಫಾರಂ ಮಾತ್ರ ಇದೆ. ಸೈಕಲ್ ಒರಗಿಸಿ ಅಲ್ಲೇ ಚಪಾತಿ, ಆಲೂಗಡ್ಡೆ ಪಲ್ಯ ತಿಂದೆವು. ಅಮೇರ್ ಊರಿನಲ್ಲಿ ಕಮಾನುಗಳ ಸಾಲಿರುವ ದೊಡ್ಡ ಚೌಕವಿದೆ. ಈ ಕ್ಯಾಟಲೋನಿಯಾ ಪ್ರಾಂತ್ಯದ ಅಧ್ಯಕ್ಷರಾಗಿದ್ದ ಕಾರ್ಲೆಸ್ ಪುಜ್ದೆಮೋನ್ ಹುಟ್ಟಿದ ಊರಿದು. ಕಾಫಿಗೆ ನಿಲ್ಲಲು ಇದಕ್ಕಿಂತ ಒಳ್ಳೆಯ ಜಾಗ ಈ ದಾರಿಯಲ್ಲಿ ಇನ್ನೊಂದಿಲ್ಲ. ಬ್ರೆಡ್ಡಿಗೆ ಟೊಮ್ಯಾಟೊ ಉಜ್ಜಿ, ಎಣ್ಣೆ, ಉಪ್ಪು ಹಾಕಿ ಕೊಡುತ್ತಾರೆ. ಸುಮ್ನೆ ಅಷ್ಟೇ. ಆದರೂ ಇನ್ನೊಂದು ಬೇಕು ಅನ್ನಿಸುತ್ತದೆ.

ಅಮೇರ್ ಆದಮೇಲೆ ಸೊಗಸು ಇಳಿಯುತ್ತದೆ. ತೇರ್ ನದಿ ಸಿಗುತ್ತದೆ, ಜೊತೆಗೆ ಕಾರ್ಖಾನೆಗಳೂ. ಚಿತ್ರ ಕಲಾವಿದೆ ರೆಮೆದಿಯೋಸ್ ವಾರೊ ಹುಟ್ಟಿದ ಅಂಗ್ಲೇಸ್ ಬರುತ್ತದೆ. ಕೊನೆಗೆ ಸಾಲ್ತ್ ಅನ್ನುವ ಊರಿನ ಮೂಲಕ ಜಿರೋನಾ. ಈ ಕಡೆಯ ಭಾಗದಲ್ಲಿ ಅಲ್ಲಲ್ಲಿ ರಸ್ತೆ ದಾಟಬೇಕು, ಊರಿನ ಬೀದಿಯಲ್ಲೂ ಹೋಗಬೇಕು. ಕಾರಿಲ್ಲದ ದಾರಿ ಅನ್ನುವಾಗ ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಉಲ್ಟಾ, ಅಂದರೆ ಜಿರೋನಾದಿಂದ ಮೇಲಕ್ಕೆ, ಒಬ್ಬನೇ ಹೋಗಿದ್ದೆ. ನನ್ನ ಮಟ್ಟಿಗೆ ಅದೇ ಚೆನ್ನ. ಬೇಸರದ ಭಾಗ ಬೆಳಗಿನ ಹುಮ್ಮಸ್ಸಿನಲ್ಲಿ ಕಳೆದುಹೋಗುತ್ತದೆ, ಕಾಡು ಆಮೇಲೆ ಸಿಗುತ್ತದೆ. ಏರು ಎಷ್ಟು ನಿಧಾನ ಅಂದರೆ ಏರುತ್ತಿರುವುದು ಗೊತ್ತಾಗುವುದು ಉಸಿರಿಂದಲ್ಲ, ಗೇರಿನಿಂದ. ಕೊನೆಗೆ ಓಲೋತ್. ಊರೊಳಗೇ ಜ್ವಾಲಾಮುಖಿಗಳಿವೆ. ಸಾವಿರಾರು ವರ್ಷಗಳಿಂದ ಸುಮ್ಮನಿವೆ, ಹೆದರಬೇಡಿ. ಮೊಂತ್ಸಕೋಪಾ ಅನ್ನುವ ಗುಡ್ಡ ಹತ್ತಿದರೆ ಮೇಲೆ ಬಟ್ಟಲಿನಂಥ ಬಾಯಿ, ಹುಲ್ಲು ಬೆಳೆದಿದೆ. ಊರಿನಿಂದ ಸ್ವಲ್ಪ ದೂರದಲ್ಲಿ, ಹಳೇ ಲಾವಾದ ಮೇಲೆ ಬೆಳೆದ ಬೀಚ್ ಮರಗಳ ಕಾಡಿದೆ. ಅದಕ್ಕೇ ಅರ್ಧ ದಿನ ಬೇಕು.

ತೊಂದರೆ ಏನೆಂದರೆ ಓಲೋತ್‌ಗೆ ಈಗ ರೈಲಿಲ್ಲ. ಇದ್ದ ಒಂದರ ಮೇಲೇ ನಾವು ಸೈಕಲ್ ಹೊಡೆಯುತ್ತಿದ್ದೇವಲ್ಲ! ಸೈಕಲ್ ಹೊತ್ತೊಯ್ಯುವ ವ್ಯಾನ್ ಟ್ಯಾಕ್ಸಿ ಗೊತ್ತುಮಾಡಿಕೊಳ್ಳಬೇಕು. ಇಬ್ಬರಿಗಿಂತ ನಾಲ್ವರಿದ್ದರೆ ಖರ್ಚು ಹಂಚಿಹೋಗುತ್ತದೆ.

ಈಗ ಸಮುದ್ರದ ದಾರಿ. ಅಕ್ಟೋಬರಿನಲ್ಲಿ ಮೈಸೂರಿನಿಂದ ಭಾಮೈದ ಬಂದಿದ್ದ. ಅವನನ್ನು ಕರೆದುಕೊಂಡು ಹೋದೆ. ಜಿರೋನಾದಿಂದ ಹೊರಬೀಳುವ ಮೊದಲ ಐದಾರು ಕಿ.ಮೀ. ಊರ ಹೊರವಲಯ. ಮಡಕೆ ಮಾಡುವವರ ಊರು ಕ್ವಾರ್ತ್ ದಾಟಿದ ಮೇಲೆ ಹೊಲಗಳು. ಕಸ್ಸಾ ದೆ ಲಾ ಸೆಲ್ವಾ, ಆಮೇಲೆ ಲ್ಯಾಗೊಸ್ತೆರಾ. ಲ್ಯಾಗೊಸ್ತೆರಾವರೆಗೆ ಗೊತ್ತಾಗದಂತೆ ಏರು, ಅಲ್ಲಿಂದ ಸಮುದ್ರದವರೆಗೆ ಇಳಿಜಾರು. ಮೊದಲರ್ಧ ಬಯಲು. ನೆರಳು ಕಡಿಮೆ. ಇದೇ ದಾರಿಯಲ್ಲಿ ಒಮ್ಮೆ ಆಗಸ್ಟಿನಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ಬುದ್ಧಿ ಕಲಿತಿದ್ದೇನೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಬೇರೆ ಎದುರಿಗೆ ಬೀಸುತ್ತದೆ. ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಗುತ್ತದೆ. ಸಿಟ್ಟು ಬರುತ್ತದೆ.

ಲ್ಯಾಗೊಸ್ತೆರಾ ದಾಟಿ ಸಾಂತಾ ಕ್ರಿಸ್ತೀನಾ ದಾರೊ ಕಡೆ ಇಳಿಯುವಾಗ ಕಾರ್ಕ್ ಓಕ್ ಮರಗಳು ಬರುತ್ತವೆ. ಬಾಟಲಿಯ ಬಿರಡೆ ಬರುವುದು ಈ ಮರದ ತೊಗಟೆಯಿಂದಲೇ. ಬೇಸಿಗೆಯಲ್ಲಿ ತೊಗಟೆ ಸುಲಿಯುತ್ತಾರೆ. ಅದು ಮತ್ತೆ ದಪ್ಪವಾಗಲು ಹನ್ನೆರಡು ವರ್ಷಕ್ಕೂ ಜಾಸ್ತಿ ಬೇಕು. ಸುಲಿದ ಕಾಂಡ ಇಟ್ಟಿಗೆ ಕೆಂಪು, ಮೇಲಿನ ಕೊಂಬೆ ಬೂದು. ಮರಕ್ಕೆ ಯಾರೋ ಚಡ್ಡಿ ಬಿಚ್ಚಿದಂತಿದೆ ಅಂದ ಭಾಮೈದ. ಈ ಬಿರಡೆ ವ್ಯಾಪಾರದಿಂದಲೇ ಕಸ್ಸಾ, ಕಡಲ ದಡದ ಸಂತ್ ಫೆಲಿಯು ಎರಡೂ ಊರು ಬೆಳೆದದ್ದು. ಬಂದರಿಗೆ ಕಾರ್ಕ್ ಸಾಗಿಸಿದ್ದೂ ಇದೇ ಪುಟ್ಟ ರೈಲು.

ಒಂದು ಮಾತು ಯಾರೂ ಮೊದಲೇ ಹೇಳುವುದಿಲ್ಲ. ಈ "ಸಮುದ್ರದ ದಾರಿ"ಯಲ್ಲಿ ಸಮುದ್ರ ಕಾಣುವುದು ಕೊನೆಯಲ್ಲಿ ಮಾತ್ರ. ಇಪ್ಪತ್ತೈದು ಕಿ.ಮೀ. ಆದಮೇಲೆ ಭಾಮೈದ ಕೇಳಿದ: "ಭಾವ, ಸಮುದ್ರ ಎಲ್ಲಿ?" "ಬರುತ್ತೆ ಬಾರೋ" ಅಂದೆ. ಅದು ಬರುವ ಹೊತ್ತಿಗೆ ದಾರಿಯ ಚಂದ ಮುಗಿದಿರುತ್ತದೆ. ಕೊನೆಯ ಕೆಲವು ಕಿ.ಮೀ.ಗಳಲ್ಲಿ ಹೋಟೆಲು, ವೃತ್ತ, ಅಪಾರ್ಟ್‌ಮೆಂಟು, ಬೀದಿ. ಗರಸು ನೆಲವೂ ತಪ್ಪಿಹೋಗುತ್ತದೆ. ಆದರೆ ಹಳೇ ಮಠದ ಪಕ್ಕದಿಂದ ಕಡಲ ದಡಕ್ಕೆ ಬಂದು, ಶೂ ಬಿಚ್ಚಿ, ಸುಡುವ ಕಾಲನ್ನು ನೀರಿಗೆ ಇಟ್ಟಾಗ ಇದೆಲ್ಲ ಮರೆತುಹೋಗುತ್ತದೆ. ಓಲೋತ್ ದಾರಿಯ ಬಳಿ ಅದಕ್ಕೆ ಉತ್ತರವಿಲ್ಲ.

ವಾಪಸಾತಿ ಇಲ್ಲೂ ತಲೆನೋವೇ. ಸಂತ್ ಫೆಲಿಯುಗೂ ಈಗ ರೈಲಿಲ್ಲ. ಬಂದ ದಾರಿಯಲ್ಲೇ ಹೋದರೆ ಒಟ್ಟು ಸುಮಾರು 80 ಕಿ.ಮೀ. ಬೆಳಗಿನ ಗಾಳಿಯಲ್ಲಿ ಬಂದು, ಸಂಜೆ ಕಡಲ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹೋದರೆ ಅದೂ ಪರವಾಗಿಲ್ಲ.

ನೆಲದ ಬಗ್ಗೆ ಹೇಳಲೇಬೇಕು. ಇಲ್ಲಿ ಹಾಕಿರುವುದು ಸೌಲೋ. ಕೊಳೆತ ಗ್ರಾನೈಟಿನ ಹಳದಿ ಮಣ್ಣು. ನಮ್ಮ ಗರಸಿನ ತಮ್ಮ ಅನ್ನಬಹುದು. ಒಣಗಿದ್ದಾಗ ಗಟ್ಟಿ, ಸಲೀಸು. ಮೇಲೆ ಸಡಿಲ ಮರಳು ಕೂತ ತಿರುವುಗಳಲ್ಲಿ ಮಾತ್ರ ಜೋಪಾನ, ಮುಂದಿನ ಚಕ್ರ ಜಾರುತ್ತದೆ. ಜೋರು ಮಳೆಯಾದ ಮರುದಿನ ಕೊರಕಲು ಬಿದ್ದಿರುತ್ತದೆ. 40 ಮಿ.ಮೀ. ಟೈರಿದ್ದರೆ ಚಿಂತೆಯಿಲ್ಲ. ಕಚ್ಚಾ ದಾರಿಗೆಂದೇ ಮಾಡಿದ ಗ್ರಾವೆಲ್ ಬೈಕೇ ಆಗಬೇಕೆಂದೂ ಇಲ್ಲ. ನನ್ನ ಹೆಂಡತಿ ಬಂದಿದ್ದು ಬುಟ್ಟಿ ಇರುವ ಸಾದಾ ಸೈಕಲಲ್ಲಿ. ರೋಡ್ ಬೈಕಿನ ಸಣ್ಣ ಟೈರು ಮಾತ್ರ ಬೇಡ.

ಬಾಡಿಗೆ ಸೈಕಲ್ ತಗೊಂಡರೆ ಜೊತೆಗೆ ಕೊಡುವ ರಿಪೇರಿ ಕಿಟ್ ಬಿಚ್ಚಿ ನೋಡಿ. ನಾನು ನೋಡಲಿಲ್ಲ. ಲೆಸ್ ಪ್ಲಾನೆಸ್ ದಾಟಿ ಮುಳ್ಳು ಚುಚ್ಚಿತು. ಟ್ಯೂಬ್ ಬದಲಾಯಿಸಿದೆ. ಪಂಪ್ ತೆಗೆದರೆ ಅದರ ಮೂತಿ ವಾಲ್ವಿಗೆ ಕೂರುತ್ತಲೇ ಇಲ್ಲ! ಅಂಗಡಿಯವನು ಬೇರೆ ಜಾತಿಯ ಪಂಪ್ ಕಟ್ಟಿಕೊಟ್ಟಿದ್ದ. ಅರ್ಧ ಗಂಟೆ ಕೂತೆ. ಆಮೇಲೆ ಮೊಮ್ಮಗನ ಜೊತೆ ಬಂದ ತಾತನೊಬ್ಬರು ಗಾಳಿ ಹಾಕಿಕೊಟ್ಟರು. ನನ್ನ ಮುರುಕು ಕ್ಯಾಟಲನ್ ಕೇಳಿ ಮೊಮ್ಮಗ ನಕ್ಕ.

ಇನ್ನು ಈ ಕಡೆ ಇರುವ ಬೇರೆ ಎರಡು ದಾರಿಗಳ ಬಗ್ಗೆ ಚಿಕ್ಕದಾಗಿ. ಕಡಲ ದಡದ ಪಾಲಾಮೋಸ್‌ನಿಂದ ಪಾಲಾಫ್ರುಜೆಲ್‌ಗೆ ತ್ರೆನ್ ಪೆತಿತ್ ಅನ್ನುವ ದಾರಿಯಿದೆ. ಇದೂ ಪುಟ್ಟ ರೈಲಿನದ್ದೇ, 1887ರಿಂದ 1956ರವರೆಗೆ ಓಡಿತು. ಉದ್ದ ಆರೇ ಕಿ.ಮೀ. ಇಷ್ಟಕ್ಕೆಂದೇ ಬಾರ್ಸಿಲೋನಾದಿಂದ ಹೋಗುವುದು ದಂಡ. ಆದರೆ ಆ ಕಡೆಯೇ ಉಳಿದುಕೊಂಡಿದ್ದರೆ ಬಿಡಬೇಡಿ. ಪಕ್ಕಕ್ಕೆ ಹೊರಳಿದರೆ ಕಸ್ತೆಲ್ ಅನ್ನುವ ಕಡಲ ದಡ ಸಿಗುತ್ತದೆ. ಅಲ್ಲಿ ಕಟ್ಟಡ ಬೇಡ ಅಂತ 1994ರಲ್ಲಿ ಪಾಲಾಮೋಸ್ ಜನ ಮತ ಹಾಕಿ ಉಳಿಸಿಕೊಂಡ ದಡ ಅದು. ಒಂದು ಹೋಟೆಲೂ ಇಲ್ಲ. ಸಂತ್ ಫೆಲಿಯುವಿನಿಂದ ಪಾಲಾಮೋಸ್‌ಗೆ ಸೈಕಲಲ್ಲೇ ಹೋಗಿ ಎರಡನ್ನೂ ಜೋಡಿಸೋಣ ಅಂತ ನಾನು ಹೊರಟಿದ್ದೆ. ನಡುವಿನದ್ದು ಕಾರುಗಳ ರಸ್ತೆ. ಮಕ್ಕಳ ಜೊತೆ ಖಂಡಿತ ಬೇಡ. ಇನ್ನೊಂದು ರಿಪೋಲ್ ಊರಿನ ಕಡೆಯ "ಕಬ್ಬಿಣ-ಕಲ್ಲಿದ್ದಲಿನ ದಾರಿ" ಅನ್ನುವುದು. ಚೆಂದವಿದೆ, ಬಹುಪಾಲು ಡಾಂಬರು. ಗರಸು ಹುಡುಕುವವರಿಗೆ ಅಲ್ಲ.

ಒಂದೇ ದಿನ ಇದೆ ಅಂದರೆ ನನ್ನ ಓಟು ಓಲೋತ್ ದಾರಿಗೆ. ನೆರಳು ಜಾಸ್ತಿ, ನೋಟ ಬದಲಾಗುತ್ತಾ ಇರುತ್ತದೆ. ಎರಡು ದಿನ ಇದ್ದರೆ ಮೊದಲ ದಿನ ಓಲೋತ್‌ನಿಂದ ಜಿರೋನಾ, ರಾತ್ರಿ ಅಲ್ಲೇ ತಂಗಿ, ಮರುದಿನ ಸಮುದ್ರ. ಜ್ವಾಲಾಮುಖಿಯಿಂದ ಕಡಲವರೆಗೆ ತೊಂಬತ್ತು ಚಿಲ್ಲರೆ ಕಿ.ಮೀ., ಬಹುಪಾಲು ಗರಸಿನ ಮೇಲೆ. ಮಗಳ ಜೊತೆ ಓಲೋತ್ ದಾರಿಗೇ ಹೋಗುವುದಾದರೆ ವ್ಯಾನಿನವನಿಗೆ ಕೋಲ್ ದೆನ್ ಬಾಸ್‌ವರೆಗೆ ಬಿಡಲು ಹೇಳು, ಅಲ್ಲಿಂದ ನಿಜವಾಗಿಯೂ ಇಳಿಜಾರು. ಇಷ್ಟು ಬರೆದು ಗೆಳೆಯನಿಗೆ ಕಳಿಸಿದೆ.

ಹತ್ತು ನಿಮಿಷಕ್ಕೆ ಉತ್ತರ ಬಂತು. "ಎಲ್ಲಾ ಸರಿ ಗುರು. ಮಗಳಿಗೆ ಸಮುದ್ರವೇ ಬೇಕಂತೆ."

"ಹಾಗಾದ್ರೆ ಲ್ಯಾಗೊಸ್ತೆರಾದಿಂದ ಶುರು ಮಾಡಿ" ಅಂತ ಬರೆದೆ. "ಅರ್ಧ ದಾರಿ ಸಾಕು, ಕಾರ್ಕ್ ಮರ ಎಲ್ಲಾ ಅಲ್ಲಿಂದಾಚೆಗೇ ಇರೋದು. ಟವೆಲ್ ಮರೀಬೇಡಿ."